ಸೋಮವಾರದ ಕಾಲು

ದೊಡ್ಡಾಸ್ಪತ್ರೆಯ ನರದ ಕೋಣೆಗೆ ಬರುವವರೆಲ್ಲ ಹೊಸಿಲಲ್ಲೇ ನಿಂತು ಕೇಳುವುದು ಒಂದೇ ಮಾತು. "ಇಲ್ಲಿ ಕರೆಂಟ್ ಕೊಡ್ತಾರಂತಲ್ಲ, ನಿಜಾನಾ?"

ಅಲ್ಲಿ ಪರೀಕ್ಷೆ ಮಾಡುವ ಹೆಂಗಸು ನಿಜ ಅಂತಲೂ ಅನ್ನುತ್ತಿರಲಿಲ್ಲ, ಸುಳ್ಳು ಅಂತಲೂ ಅನ್ನುತ್ತಿರಲಿಲ್ಲ. "ಚಿಟಿಕೆ ಹೊಡೆದಷ್ಟೇ. ಮೊದ್ಲು ನನ್ನ ಕೈಗೇ ಕೊಟ್ಕೋತೀನಿ, ನೋಡ್ತಾ ಇರಿ. ನಾನು ಸತ್ರೆ ನೀವು ಎದ್ದು ಓಡಿ," ಅಂತ ನಗಿಸಿ ಒಳಗೆ ಕರೆಯುತ್ತಿದ್ದಳು. ಹೇಳಿ ಹೇಳಿ ಅವಳಿಗೆ ಚಿಟಿಕೆ ಅಕ್ಕ ಅಂತಲೇ ಹೆಸರು ಬಿದ್ದಿತ್ತು. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಮದುವೆ ಅನ್ನುವುದು ಅವಳ ಮನೆ ಬಾಗಿಲವರೆಗೆ ಬಂದು, ಅಪ್ಪ ಹಾಸಿಗೆ ಹಿಡಿದ ವರ್ಷ ಹಾಗೇ ಹಿಂದಕ್ಕೆ ಹೋಗಿತ್ತು. ಆಮೇಲೆ ತಂಗಿಯರದ್ದಾಯಿತು, ತಮ್ಮನದ್ದಾಯಿತು, ಇವಳ ಸರದಿ ಯಾರಿಗೂ ನೆನಪಾಗಲಿಲ್ಲ. ಈಗ ಎರಡು ಕೋಣೆಯ ಮನೆಯಲ್ಲಿ ಅವಳು, ಕಿವಿ ಮಂದವಾದ ಅವಳ ಅಮ್ಮ, ಇಬ್ಬರೇ.

ನರದ ಕೋಣೆ ಉದ್ದಕ್ಕೆ ಓಣಿಯ ಹಾಗಿತ್ತು. ಒಂದು ಮಂಚ, ಅದರ ರೆಕ್ಸಿನ್ ಮಂಡಿ ಬರುವ ಜಾಗದಲ್ಲಿ ಹರಿದು, ಗಾಯಕ್ಕೆ ಹಾಕುವ ಪ್ಲಾಸ್ಟರನ್ನೇ ಅದಕ್ಕೂ ಹಾಕಿತ್ತು. ಪಕ್ಕದಲ್ಲಿ ಮಷೀನು. ಮೂಲೆಯಲ್ಲಿ ಬಿಸಿನೀರಿನ ಬಕೆಟ್ಟು, ಟವಲು. ತಣ್ಣಗಿರುವ ಕಾಲಿನಲ್ಲಿ ನರ ಸೋಮಾರಿಯಾಗುತ್ತದೆ, ಚೆನ್ನಾಗಿರುವ ಮನುಷ್ಯನೂ ರೋಗಿಯ ಹಾಗೆ ಕಾಣುತ್ತಾನೆ. ಅದಕ್ಕೆ ಬಂದವರ ಕಾಲನ್ನು ಮೊದಲು ಬಿಸಿ ಟವಲಿನಲ್ಲಿ ಸುತ್ತಿ ಕೂರಿಸಬೇಕು. ಎಷ್ಟೋ ಜನ ಆ ಬಿಸಿಗೇ ಕಣ್ಣು ಮುಚ್ಚಿ, "ಇಷ್ಟಕ್ಕೇ ಗುಣ ಆಯ್ತು ಬಿಡಮ್ಮ," ಅನ್ನುತ್ತಿದ್ದರು.

ಕೆಲಸ ಹೀಗೆ. ಮಂಡಿಯ ಹಿಂದಿನ ಗುಳಿಯಲ್ಲಿ ಎರಡು ಮೊನೆಯ ಹಿಡಿಕೆ ಒತ್ತಿಟ್ಟು, ಮೀನಖಂಡದ ಮೇಲೆ ಬಿಲ್ಲೆ ಅಂಟಿಸಿ, ಗುಂಡಿ ಒತ್ತಬೇಕು. ಕಾಲು ಛಕ್ಕೆಂದು ಅದುರುತ್ತದೆ. ಮಷೀನಿನ ತೆರೆಯ ಮೇಲೆ ಗೆರೆ ಎರಡು ಗುಡ್ಡವಾಗಿ ಏಳುತ್ತದೆ. ಮೊದಲನೆಯದು ನೇರವಾಗಿ ಬಂದ ಉತ್ತರ. ಎರಡನೆಯದು ಸುತ್ತಿ ಬರುವ ಉತ್ತರ. ಸುದ್ದಿ ಕಾಲಿನಿಂದ ಹೊರಟು ಬೆನ್ನುಹುರಿಗೆ ಮುಟ್ಟಿ, ಅಲ್ಲಿ ಕೈ ಬದಲಾಯಿಸಿ, ಮತ್ತೆ ಕಾಲಿಗೆ ಇಳಿದು ಬರಬೇಕು. ರೆಪ್ಪೆ ಮಿಟುಕಿಸುವುದರೊಳಗೆ ಎಲ್ಲಾ ಮುಗಿದಿರುತ್ತದೆ. ಆದರೆ ಈ ಎರಡನೆಯದು ಬಹಳ ಸಂಕೋಚದ್ದು. ಕರೆಂಟು ಮೆಲ್ಲಗಿದ್ದರೆ ಬರುತ್ತದೆ. ಜೋರು ಮಾಡಿದರೆ ನೇರದ್ದೇ ದೊಡ್ಡದಾಗಿ ಎದ್ದು ಇದು ಅಳಿಸಿಹೋಗುತ್ತದೆ. ಒಂದರ ಬೆನ್ನಿಗೇ ಇನ್ನೊಂದು ಕೊಟ್ಟರೂ ಬರುವುದಿಲ್ಲ. ಒಮ್ಮೆ ಒತ್ತಿದ ಮೇಲೆ ನರ ಸುಧಾರಿಸಿಕೊಳ್ಳುವವರೆಗೆ ಸುಮ್ಮನೆ ಕಾಯಬೇಕು. ಎಷ್ಟು ಸಣ್ಣ ಕರೆಂಟಿಗೆ ನರ ಎಚ್ಚರಗೊಳ್ಳುತ್ತದೆ ಅನ್ನುವುದನ್ನೂ ನೋಡಬೇಕು, ಆ ಲೆಕ್ಕಕ್ಕೆ ಡಾಕ್ಟರ ಹತ್ತಿರ ಬಹಳ ಬೆಲೆ.

ಮಷೀನು ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯುವುದಕ್ಕೂ ಒಂದು ಪದ್ಧತಿಯಿತ್ತು. ವಾರ ಶುರುವಾಗುವ ದಿನ, ರೋಗಿಗಳು ಬರುವ ಮೊದಲು, ಗೊತ್ತಿರುವ ಒಂದು ಒಳ್ಳೆಯ ಕಾಲಿನ ಮೇಲೆ ಅದನ್ನು ಪರೀಕ್ಷೆ ಮಾಡಬೇಕು. ಪ್ರತಿ ವಾರ ಅದೇ ಕಾಲು. ಅದು ಬದಲಾಗದೆ ಇದ್ದರೆ ಮಷೀನೂ ಬದಲಾಗಿಲ್ಲ ಅಂತ ಅರ್ಥ. ಮಷೀನು ಹೊಸದಾಗಿ ಬಂದ ದಿನ ನರದ ಡಾಕ್ಟರು, "ಆರೋಗ್ಯವಾಗಿರೋ ಒಬ್ಬನ್ನ ಹಿಡ್ಕೊಂಡು ಬಾರಮ್ಮ," ಅಂದಿದ್ದರು. ಅವಳು ಹೊರಗೆ ಇಣುಕಿದಾಗ ಕಂಡವನು ಲಿಫ್ಟಿನವನು. ಅವತ್ತು ಲಿಫ್ಟು ಕೆಟ್ಟು, ಅವನು ಅದರ ಮುಂದೆ ಸ್ಟೂಲು ಹಾಕಿಕೊಂಡು, ಬಂದವರಿಗೆಲ್ಲ ಮೆಟ್ಟಿಲು ತೋರಿಸುತ್ತಾ ಕೂತಿದ್ದ.

"ನನ್ನ ಕಾಲು ಯಾಕೆ ಮೇಡಂ? ನಾನು ದಿನಾ ಕೂತೇ ಮೇಲೆ ಕೆಳಗೆ ಹೋಗೋನು. ಉಪಯೋಗಿಸದೆ ಇಟ್ಟ ಮಾಲು."

"ಅದಕ್ಕೇ ಬೇಕು. ಬನ್ನಿ."

ಅವನ ಕಾಲು ಡಾಕ್ಟರಿಗೆ ಬಹಳ ಹಿಡಿಸಿತು. ಎರಡು ಗುಡ್ಡವೂ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಆ ಚಿತ್ರದ ಒಂದು ಕಾಗದ ತೆಗೆದು ಗೋಡೆಗೆ ಅಂಟಿಸಿದರು. ಅಂದಿನಿಂದ ಅವನು ಸೋಮವಾರದ ಕಾಲು. ಬೆಳಿಗ್ಗೆ ಲಿಫ್ಟಿನ ಬೀಗ ತೆಗೆಯುವ ಮೊದಲು ನರದ ಕೋಣೆಗೆ ಬಂದು, ಪ್ಯಾಂಟು ಮಡಚಿ, ಬೋರಲು ಮಲಗಿ ಮುಖ ಒಂದು ಪಕ್ಕಕ್ಕೆ ತಿರುಗಿಸಿ, "ನಿಮ್ಮ ಮಷೀನಿಗೆ ಊಟ ಹಾಕಿ," ಅನ್ನುತ್ತಿದ್ದ.

ಮೊದಮೊದಲು ಅವಳು ಸುಮ್ಮನೆ ಗುಂಡಿ ಒತ್ತುತ್ತಿದ್ದಳು. ಆದರೆ ಎರಡು ಒತ್ತುಗಳ ನಡುವೆ ಕಾಯಬೇಕಲ್ಲ, ಸುಮ್ಮನೆ ಕಾದರೆ ಮನುಷ್ಯ ಮೈ ಬಿಗಿಹಿಡಿಯುತ್ತಾನೆ. ಹಾಗಾಗಿ ಒಂದು ಮಾತು ಕೇಳುತ್ತಿದ್ದಳು. ಅವನು ಒಂದು ಮಾತು ಹೇಳುತ್ತಿದ್ದ. ಅಷ್ಟರಲ್ಲಿ ಒತ್ತುವ ಹೊತ್ತಾಗುತ್ತಿತ್ತು. ಮತ್ತೆ ಬಿಡುವು, ಮತ್ತೊಂದು ಮಾತು. ವರ್ಷಗಟ್ಟಲೆ ಹೀಗೆ ಒಂದೊಂದೇ ಮಾತಿನಲ್ಲಿ ಅವನ ಬದುಕು ಅವಳಿಗೆ ತಿಳಿದಿತ್ತು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡದ್ದು ಒಂದು ಚಿಟಿಕೆಗೆ. ಮಗಳನ್ನು ಅಜ್ಜಿಯ ಕೈಲಿ ಬೆಳೆಸಿದ್ದು ಇನ್ನೊಂದಕ್ಕೆ. ಮಗಳ ಜಡೆ ಹಾಕುವುದನ್ನು ಲಿಫ್ಟಿನಲ್ಲಿ ಬರುವ ಸಿಸ್ಟರುಗಳ ಹತ್ತಿರ, ಒಂದನೇ ಮಹಡಿಯಿಂದ ನಾಲ್ಕನೇ ಮಹಡಿಗೆ ಹೋಗುವುದರೊಳಗೆ ಕಲಿತದ್ದು ಮತ್ತೊಂದಕ್ಕೆ. ಅವಳದ್ದೂ ಅವನಿಗೆ ಹಾಗೇ ಗೊತ್ತಾಗಿತ್ತು. ಅಪ್ಪನಿಗೆ ಕೊನೆಗಾಲದಲ್ಲಿ ಅವಳು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದದ್ದನ್ನು ಬೇರೆ ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯ ಎಲ್ಲರೂ ಅವನನ್ನು ಲಿಫ್ಟಣ್ಣ ಅನ್ನುತ್ತಿದ್ದರು. ಎಲ್ಲರ ಜೊತೆ ಅವಳೂ ಶುರುವಿನಲ್ಲಿ ಅಣ್ಣ ಅಂದುಬಿಟ್ಟಿದ್ದಳು. ಬಾಯಿಂದ ಬಂದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಯಾವುದೋ ಒಂದು ಸೋಮವಾರ, ಅವನು ಮಗಳ ವಿಷಯ ಹೇಳಿ ನಗುತ್ತಿದ್ದಾಗ, ಅವಳ ನಾಲಗೆಗೆ ಆ 'ಅಣ್ಣ' ಬರಲೇ ಇಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ಕರೆಯಬೇಕಾದರೆ "ಇಲ್ನೋಡಿ," ಅನ್ನುತ್ತಿದ್ದಳು, ಇಲ್ಲವೇ ಕೆಮ್ಮುತ್ತಿದ್ದಳು.

ಎದುರು ಕೋಣೆಯ ದಪ್ಪ ಸಿಸ್ಟರಿಗೆ ಇಂಥದ್ದೆಲ್ಲ ಬೇಗ ವಾಸನೆ ಹತ್ತುತ್ತದೆ. "ಏನೇ ಚಿಟಿಕೆ, ಸೋಮವಾರ ಬಂತೂಂದ್ರೆ ಕೆಮ್ಮು ಶುರುವಾಗತ್ತೆ ನಿಂಗೆ? ಔಷಧಿ ಕೊಡಿಸ್ಲಾ?"

"ನಿನ್ನ ಬಾಯಿಗೆ ಮೊದ್ಲು ಔಷಧಿ ಹುಡುಕು."

ಮನೆಯಲ್ಲಿ ಅಮ್ಮನಿಗೆ ಕಿವಿ ಕೇಳಿಸದಿದ್ದರೂ ಕಣ್ಣು ನೆಟ್ಟಗಿತ್ತು. "ಮಂಗಳವಾರ ಉಡೋ ಸೀರೆಗೆ ಇಸ್ತ್ರಿ ಇಲ್ಲ, ಸೋಮವಾರದ್ದಕ್ಕೆ ಮಾತ್ರ ಇದೆ. ಏನಮ್ಮಾ ನಿಮ್ಮಾಸ್ಪತ್ರೇಲಿ ಸೋಮವಾರ?" ಅನ್ನುತ್ತಿದ್ದಳು. ಮಗಳು, "ದೊಡ್ಡ ಡಾಕ್ಟ್ರು ಬರ್ತಾರಮ್ಮ," ಅಂತ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು. ಸುಳ್ಳನ್ನು ಕೂಗಿ ಹೇಳುವುದು ಬಹಳ ಕಷ್ಟ.

ಅವಳಿಗೆ ಆ ಸೋಮವಾರಗಳಿಗಿಂತ ಹೆಚ್ಚೇನೂ ಬೇಕಿರಲಿಲ್ಲ ಅಂತಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಸೀಟಿನ ಇನ್ನರ್ಧ ಖಾಲಿಯಿದ್ದರೆ ಬ್ಯಾಗು ಅಲ್ಲಿಡುತ್ತಿರಲಿಲ್ಲ, ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದಳು. ಲಿಫ್ಟಿನವನು ರಿಟೈರಾಗುವುದು ಹತ್ತಿರ ಬಂದಿತ್ತು. ಬೇರೆ ಊರಲ್ಲಿರುವ ಮಗಳು, "ಸಾಕಪ್ಪ ಒಬ್ಬನೇ ಬೇಯಿಸ್ಕೊಂಡಿದ್ದು, ಇಲ್ಲೇ ಬಂದಿರು," ಅಂತ ಕರೆಯುತ್ತಿದ್ದಳಂತೆ. ಇದನ್ನೂ ಅವನು ಎರಡು ಒತ್ತುಗಳ ನಡುವೆಯೇ ಹೇಳಿದ್ದ. ಅವತ್ತು ಅವಳು ಮುಂದಿನ ಗುಂಡಿ ಒತ್ತುವುದನ್ನೇ ಮರೆತು ಕೂತಿದ್ದಳು. ಸೋಮವಾರಗಳು ಇನ್ನು ಸ್ವಲ್ಪವೇ ಅಂತ ಗೊತ್ತಾದ ಮೇಲೆ ಒಂದೊಂದನ್ನೂ ಕೈ ಬಿಗಿ ಹಿಡಿದು ಖರ್ಚು ಮಾಡತೊಡಗಿದಳು.

ಹಾಗಿರುವಾಗ ಒಂದು ಸೋಮವಾರ ಎರಡನೇ ಗುಡ್ಡ ಸಣ್ಣದಾಗಿ ಬಂತು. ಬಂದದ್ದೂ ತಡವಾಗಿ. ಅದನ್ನು ಎಬ್ಬಿಸುವುದಕ್ಕೂ ತಿರುಗುಗುಂಡಿಯನ್ನು ಮಾಮೂಲಿಗಿಂತ ಮುಂದಕ್ಕೆ ತಿರುಗಿಸಬೇಕಾಯಿತು.

"ಏನು, ಇವತ್ತು ಜೋರಾಗಿ ಹೊಡೀತಾ ಇದೆ ನಿಮ್ಮ ಚಿಟಿಕೆ?" ಅಂದ ಅವನು.

"ಬಿಲ್ಲೆ ಹಳೇದಾಗಿರ್ಬೇಕು," ಅಂದಳು.

ಬಿಲ್ಲೆ ಬದಲಾಯಿಸಿದಳು. ಮುಂದಿನ ವಾರ ಇನ್ನೂ ಸಣ್ಣ. ವೈರು ಬದಲಾಯಿಸಿದಳು. ಟವಲನ್ನು ಇನ್ನಷ್ಟು ಬಿಸಿ ಮಾಡಿ ಸುತ್ತಿದಳು. ಎರಡೂ ಕೈಬೆರಳು ಕೊಂಡಿ ಹಾಕಿ ಜಗ್ಗಿ ಅಂದಳು, ಹಾಗೆ ಜಗ್ಗಿದರೆ ಅಡಗಿಕೊಂಡ ಉತ್ತರ ಹೊರಬರುವುದುಂಟು. ಅವನು ಮಂಚದ ಮೇಲೆ ಬೋರಲು ಮಲಗಿ ತನ್ನ ಕೈಯನ್ನೇ ತಾನು ಜಗ್ಗುತ್ತಾ, "ಇದೊಳ್ಳೆ ಹಗ್ಗಜಗ್ಗಾಟ ಆಯ್ತಲ್ಲ, ಎರಡು ಕಡೆನೂ ನಾನೇ," ಅಂದ. ಗುಡ್ಡ ಒಂದಿಷ್ಟು ಎದ್ದು ಮಲಗಿತು.

ಅವಳು ಮಷೀನು ಕೆಟ್ಟಿದೆ ಅಂತ ಬರೆದುಕೊಟ್ಟಳು. ಅಷ್ಟೇ ಅಲ್ಲ, ಆ ವಾರಗಳಲ್ಲಿ ಬಂದ ರೋಗಿಗಳನ್ನೆಲ್ಲ, ಪರೀಕ್ಷೆ ಮಾಡಿಯೂ ಫಲಿತಾಂಶ ಬರೆದುಕೊಡದೆ, "ಮಷೀನು ರಿಪೇರಿ ಆದ್ಮೇಲೆ ಇನ್ನೊಂದ್ಸಲ ಬನ್ನಿ," ಅಂತ ವಾಪಸು ಕಳಿಸಿದಳು. ಒಬ್ಬ ದರ್ಜಿ ಎರಡು ಸಲ ಬಂದು ಹೋದ. ಮೂರನೇ ಸಲ, "ನನ್ನ ಕೈಗೇನಾಗಿದೆ ಅಂತ ಹೇಳೋಕೆ ನಿಮ್ಮ ಮಷೀನಿಗೆ ಮೊದ್ಲು ಹುಷಾರಾಗ್ಬೇಕಾ?" ಅಂತ ಕೂಗಾಡಿದ.

ರಿಪೇರಿಯವನು ಬಂದು, ಬಿಚ್ಚಿ, ಜೋಡಿಸಿ, ಗುಂಡಿಗಳನ್ನೆಲ್ಲ ಒತ್ತಿ ನೋಡಿ, "ಇದಕ್ಕೇನೂ ಆಗಿಲ್ಲ ಮೇಡಂ," ಅಂದ.

"ಆಗಿದೆ. ಎರಡನೇದು ಬರ್ತಿಲ್ಲ."

"ಬೇಕಾದ್ರೆ ನನ್ನ ಕಾಲಿಗೇ ಹಾಕಿ ನೋಡಿ." ಪ್ಯಾಂಟು ಮಡಚೇಬಿಟ್ಟ.

"ನಿಮ್ಮ ಕಾಲು ನನಗೆ ಗೊತ್ತಿಲ್ಲ," ಅಂದಳು ಅವಳು. "ಗೊತ್ತಿಲ್ಲದ ಕಾಲಿನ ಮಾತು ನಂಬೋಕಾಗಲ್ಲ."

"ಹಾಗಾದ್ರೆ ಗೊತ್ತಿರೋ ಕಾಲನ್ನೇ ಒಂದ್ಸಲ ಡಾಕ್ಟರಿಗೆ ತೋರಿಸಿ!" ಅಂತ ಗೊಣಗಿಕೊಂಡು ಅವನು ಪೆಟ್ಟಿಗೆ ಮುಚ್ಚಿದ. ಅವಳಿಗೆ ರೇಗಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪದ ಕಾಲು ಅದು. ಮಷೀನನ್ನು ಅಳೆಯುವುದೇ ಅದನ್ನು ನೋಡಿಕೊಂಡು. ಅದಕ್ಕೇ ಕೊಂಕು ತೆಗೆದರೆ?

ಮಷೀನು ಕೆಟ್ಟಿದ್ದರೆ ಮೊದಲನೇ ಗುಡ್ಡವೂ ಕೆಡಬೇಕಿತ್ತು, ಅದು ಮೊದಲಿನ ಹಾಗೇ ಎತ್ತರಕ್ಕೆ ಏಳುತ್ತಿತ್ತು. ದರ್ಜಿಯ ಗುಡ್ಡಗಳೂ, ಬೇರೆಯವರದ್ದೂ ಅವರವರ ಕಾಯಿಲೆಗೆ ತಕ್ಕ ಹಾಗೇ ಬರುತ್ತಿದ್ದವು. ಇದೆಲ್ಲ ಅವಳ ಕಣ್ಣ ಮುಂದೆಯೇ ಇತ್ತು. ಬೇರೆ ಯಾರ ಕಾಲಾಗಿದ್ದರೂ ಅವಳು ಕ್ಷಣದಲ್ಲಿ ಹೇಳುತ್ತಿದ್ದಳು.

ಮುಂದಿನ ಸೋಮವಾರ ಅವನು ಬಂದ. ಬೂಟು ಬಿಚ್ಚಿದ. ಮಂಚ ಹತ್ತಿದ. ಅವಳು ಟವಲು ಹಿಂಡಿ ತಂದು ಅವನ ಪಾದ ಎತ್ತಿದಾಗ ಸಾಕ್ಸಿನ ಅಡಿಯಲ್ಲಿ ಕಂದುಬಣ್ಣದ ಕಲೆ ಕಂಡಿತು. ಒದ್ದೆ. ಸಾಕ್ಸು ಎಳೆದರೆ ಬರಲಿಲ್ಲ, ಏನೋ ಸಿಕ್ಕಿಕೊಂಡಿತ್ತು. ಬೂಟಿನ ಅಡಿಯಿಂದ ಕಿತ್ತುಬಂದ ಒಂದು ಸಣ್ಣ ಮೊಳೆ ಸಾಕ್ಸನ್ನೂ ದಾಟಿ ಅವನ ಹಿಮ್ಮಡಿಗೆ ಇಳಿದು ಅಲ್ಲೇ ಉಳಿದಿತ್ತು.

"ಏನ್ರೀ ಇದು!" ಅಂತ ಕಿರುಚಿದಳು. ಎದುರು ಕೋಣೆಯವರೆಗೂ ಕೇಳಿಸಿರಬೇಕು.

ಅವನು ಕತ್ತು ತಿರುಗಿಸಿ ನೋಡಿದ. "ಏನು?"

"ಮೊಳೆ ಚುಚ್ಕೊಂಡಿದೆ. ಗೊತ್ತಾಗ್ಲಿಲ್ವಾ?"

"ಇಲ್ವಲ್ಲ." ಅವನಿಗೇ ಆಶ್ಚರ್ಯ. "ಬೆಳಿಗ್ಗೆ ಬಸ್‌ಸ್ಟಾಪಿಂದ ನಡ್ಕೊಂಡು ಬಂದೆ. ಒಂಚೂರೂ ನೋಯ್ಲಿಲ್ಲ."

ಅವಳು ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನಿಂತಳು. ಗೋಡೆಯ ಮೇಲೆ ಅವನದೇ ಎರಡು ಗುಡ್ಡ, ಕಾಗದ ಹಳದಿಯಾಗಿತ್ತು. ಈಗ ಗೊತ್ತಾಯಿತು ಅಂದರೆ ಸುಳ್ಳಾಗುತ್ತದೆ. ಗೊತ್ತಿದ್ದದ್ದನ್ನು ಇಷ್ಟು ವಾರ ತಾನು ಕೈಯಿಂದ ದೂಡುತ್ತಿದ್ದೆ ಅನ್ನುವುದು ಗೊತ್ತಾಯಿತು. ಕೆಟ್ಟಿರುವುದು ಮಷೀನಲ್ಲ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದರೆ ಈ ಕಾಲು ಇನ್ನು ಅಳತೆಗೆ ಬಾರದು. ಅಳತೆಗೆ ಬಾರದ ಕಾಲಿಗೆ ಸೋಮವಾರವೂ ಇಲ್ಲ.

ಹತ್ತಿಗೆ ಔಷಧಿ ಹಾಕಿಕೊಂಡು ಮೊಳೆ ತೆಗೆದು ಗಾಯ ಒರೆಸುತ್ತಾ ಕೇಳಿದಳು. "ಬಾಯಾರಿಕೆ ಜಾಸ್ತಿ ಇದೆಯಾ?"

"ನಿಮಗೆ ಹೇಗೆ ಗೊತ್ತು?"

"ಪಾದ ಜುಮ್ ಅನ್ನತ್ತಾ?"

"ಸಂಜೆ ಹೊತ್ತು. ಲಿಫ್ಟಿನ ಅದುರು ಅಂದ್ಕೊಂಡಿದ್ದೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇರೆಯವರ ಕಾಲು ಹುಡುಕ್ತೀರೇನೋ ಅಂತ," ಅಂದ. ತಮಾಷೆಗೋ ಏನೋ, ಮುಖ ಮಾತ್ರ ಗೋಡೆಯ ಕಡೆಗಿತ್ತು.

ಅವಳು ಅವತ್ತು ಮಷೀನು ಹಚ್ಚಲಿಲ್ಲ. ಅವನನ್ನು ಕೈಹಿಡಿದು ಇಳಿಸಿ ನೇರ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದಳು. "ಮಷೀನು ಸರಿಯಾಗಿದೆ ಸಾರ್. ಕಾಲೇ ಸರಿಯಿಲ್ಲ. ಇಷ್ಟು ದಿನ ನಾನೇ ತಪ್ಪು ಹೇಳ್ತಿದ್ದೆ," ಅಂದಳು. ಡಾಕ್ಟರು ಬೈದರು, ವಾಪಸು ಕಳಿಸಿದ ರೋಗಿಗಳ ಸಲುವಾಗಿ. ಬೈಸಿಕೊಳ್ಳುವಾಗ ಅವಳಿಗೆ ಅಳು ಬರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಅಂತ ಬಂತು, ಬಹಳ ದಿನದಿಂದ ಒಳಗೇ ಇದ್ದದ್ದು. "ಇನ್ನೂ ತಡ ಆಗಿದ್ರೆ ಬೆರಳು ತೆಗೀಬೇಕಾಗ್ತಿತ್ತು. ಈಗ ಮಾತ್ರೆ, ಪಥ್ಯ, ಮೆತ್ತನೆ ಬೂಟು. ಆದ್ರೆ ಹೋದ ನರ ಪೂರ್ತಿ ವಾಪಸ್ ಬರತ್ತೆ ಅಂತ ನಾನು ಹೇಳಲ್ಲ," ಅಂದರು ಡಾಕ್ಟರು. ಆಗ ಅಳು ಬಂತು.

ಸೋಮವಾರಕ್ಕೆ ಬಟ್ಟೆ ಒಗೆಯುವ ವಿಭಾಗದವನನ್ನು ಗೊತ್ತು ಮಾಡಿದರು. ಒಳ್ಳೆಯ ಕಾಲು. ಆದರೆ ಅವನಿಗೆ ಕಚಗುಳಿ. ಬಿಲ್ಲೆ ಅಂಟಿಸುವ ಮೊದಲೇ ಮಂಚವೆಲ್ಲ ಅದುರುವ ಹಾಗೆ ನಗುತ್ತಿದ್ದ. ಬಿಡುವಿನಲ್ಲಿ ಅವಳು ಏನೂ ಕೇಳುತ್ತಿರಲಿಲ್ಲ, ಅವನೂ ಏನೂ ಹೇಳುತ್ತಿರಲಿಲ್ಲ. ದಪ್ಪ ಸಿಸ್ಟರು ಒಂದು ದಿನ ಒಳಗೆ ಬಂದು ಏನೋ ಚೇಷ್ಟೆ ಮಾಡುವುದಕ್ಕೆ ಬಾಯಿ ತೆರೆದವಳು, ಅವಳ ಮುಖ ನೋಡಿ ಮುಚ್ಚಿಕೊಂಡಳು. ಹೋಗುವಾಗ ಮೇಜಿನ ಮೇಲೆ ಒಂದು ಲೋಟ ಟೀ ಇಟ್ಟು ಹೋದಳು.

ಲಿಫ್ಟಿನವನು ದಾರಿಯಲ್ಲಿ ಸಿಕ್ಕರೆ, "ಮಷೀನು ಹೊಟ್ಟೆ ತುಂಬಾ ಊಟ ಮಾಡ್ತಿದೆಯಾ?" ಅನ್ನುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು. ಸುತ್ತ ಜನ. ಅಷ್ಟು ಜನರ ನಡುವೆ ಹೇಳುವಂಥ ಮಾತು ಅವರಿಬ್ಬರ ಹತ್ತಿರ ಇರಲಿಲ್ಲ.

ಅವನು ರಿಟೈರಾಗುವ ವಾರ ಡಾಕ್ಟರು ಇನ್ನೊಂದು ಸಲ ಪರೀಕ್ಷೆ ಮಾಡಿಸಲು ಹೇಳಿದರು. ಈ ಸಲ ಅವನು ಚೀಟಿ ಹಿಡಿದು ಹೊರಗಿನ ಬೆಂಚಿನಲ್ಲಿ ಎಲ್ಲರ ಜೊತೆ ಕಾದ. ಸರದಿ ಬಂದಾಗ ಒಳಗೆ ಬಂದು, ಯಾವಾಗಲೂ ಮಲಗುವ ಮಂಚದ ಪಕ್ಕ, ಹೊಸಬನ ಹಾಗೆ ನಿಂತ.

"ಮಲಗಲಾ?"

"ಅದನ್ನೂ ಕೇಳ್ತೀರಲ್ಲ."

ಕಾಲು ಬಿಸಿ ಮಾಡಿದಳು. ಬೆರಳ ಸಂದಿಯನ್ನೆಲ್ಲ ನೋಡಿದಳು, ಗಾಯ ಇರಲಿಲ್ಲ. ಮೆಲ್ಲಗೆ ಶುರು ಮಾಡಿದಳು. ನೇರದ್ದು ಬಂತು. ಸುತ್ತಿ ಬರುವುದು ಬರಲಿಲ್ಲ. ಕಾದಳು. ಇನ್ನೊಮ್ಮೆ ಕೊಟ್ಟಳು. ಕೈಕೊಂಡಿ ಹಾಕಿಸಿದಳು. ತೆರೆಯ ಮೇಲೆ ಗುಡ್ಡ ಇರಬೇಕಾದ ಜಾಗದಲ್ಲಿ ಗೆರೆ ನೆಟ್ಟಗೆ ಮಲಗಿತ್ತು.

"ಬಂತಾ?"

"ಇಲ್ಲ."

"ಇನ್ನೊಂದ್ಸಲ ನೋಡಿ."

ನೋಡುವ ಅಗತ್ಯ ಇರಲಿಲ್ಲ, ಫಲಿತಾಂಶ ಸಿಕ್ಕಾಗಿತ್ತು. ಆದರೂ ಅವಳು ಒತ್ತಿದಳು. ಬಿಡುವು ಬಂತು.

"ಮಗಳು ಒಂದು ಕೋಣೆ ಖಾಲಿ ಮಾಡಿಸಿದಾಳೆ," ಅಂದ ಅವನು.

ಒತ್ತಿದಳು.

"ಕಿಟಕಿ ಇದೆಯಾ?" ಅಂತ ಕೇಳಿದಳು.

"ಇದೆಯಂತೆ. ಎರಡು."

ಒತ್ತಿದಳು. ಕಾಲು ಛಕ್ಕೆಂದಿತು. ನೇರದ್ದು ಬಂತು, ಇನ್ನೊಂದು ಬರಲಿಲ್ಲ.

"ಹೋಗ್ಬೇಕು ಅಂತಾನೇ ಇದೆಯಾ ನಿಮಗೆ?"

ಒತ್ತುವ ಹೊತ್ತಾಯಿತು. ಅವಳು ಗುಂಡಿ ಒತ್ತದೆ ಕಾದಳು. "ಹೋಗ್ಬೇಡಿ ಅಂತ ಯಾರೂ ಹೇಳಿಲ್ಲ," ಅಂದ ಕೊನೆಗೆ, ದಿಂಬಿಗೆ ಮುಖ ಒತ್ತಿಕೊಂಡೇ. ಸರಿಯಾಗಿ ಕೇಳಿಸದಷ್ಟು ಸಣ್ಣಗೆ.

ಅವಳು ಹಿಡಿಕೆಯನ್ನು ಕೆಳಗಿಟ್ಟಳು. ಮಷೀನಿನ ಸ್ವಿಚ್ಚು ಆರಿಸಿದಳು. ಅದರ ಗುಂಯ್‌ಗುಡುವಿಕೆ ನಿಂತ ಮೇಲೆ ಕೋಣೆ ಇಷ್ಟು ದೊಡ್ಡದಿದೆ ಅಂತ ಅವಳಿಗೆ ಅನಿಸಿತು.

"ಹೋಗ್ಬೇಡಿ," ಅಂದಳು.

ಅವನು ನಿಧಾನವಾಗಿ ಎದ್ದು ಕೂತ. ಮಡಚಿದ ಪ್ಯಾಂಟನ್ನು ಇಳಿಸಲಿಲ್ಲ, ಸಾಕ್ಸು ಹುಡುಕಲಿಲ್ಲ. ಒದ್ದೆ ಟವಲನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಸರಿ ಮಾಡುತ್ತಾ ಇದ್ದ.

"ಮಗಳಿಗೆ ಏನಂತ ಹೇಳೋದು?"

ಅದನ್ನು ಅವಳು ಯೋಚಿಸಿರಲಿಲ್ಲ. ತನ್ನ ಅಮ್ಮನಿಗೆ ಇದನ್ನು ಎಷ್ಟು ಗಟ್ಟಿಯಾಗಿ ಕೂಗಿ ಹೇಳಬೇಕಾದೀತು ಅನ್ನುವುದನ್ನೂ ಯೋಚಿಸಿರಲಿಲ್ಲ. ಹೊರಗಿನ ಬೆಂಚಿನಿಂದ ಯಾರೋ ಎದ್ದು ಬಂದು ಬಾಗಿಲು ತಟ್ಟಿದರು. "ಇನ್ನೂ ಎಷ್ಟೊತ್ತಮ್ಮ?" ಅಂತ ಕೇಳಿದರು.

ಅವಳು ಬಾಗಿಲ ಕಡೆ ಹೋಗದೆ, ಮಂಚದ ಮೇಲೆ ಅವನ ಪಕ್ಕದಲ್ಲಿ ಕೂತಳು.